ನಿಂಬೆಹಣ್ಣಿನ ಮೇಲೆ ನಿಂತ ಕಾರು

ನಮ್ಮ ಸೀಮೆಯ ಮಾತಿನಿಂದ ಒಂದೇ ಒಂದು ಪದವನ್ನು ಕಿತ್ತು ಬಿಸಾಡುವ ಅಧಿಕಾರವನ್ನು ಯಾರಾದರೂ ಕೊಟ್ಟರೆ, ನಾನು ಹಿಂದೆ ಮುಂದೆ ನೋಡದೆ ‘ಆತ್ರಿ’ಯನ್ನು ಕಿತ್ತು ಹಾಕುತ್ತೇನೆ. ಕೊಟ್ಟೂರಿನಲ್ಲೇ ಹುಟ್ಟಿ ಬೆಳೆದ ನನಗೆ ಈ ಪದದ ಅರ್ಥ ಇವತ್ತಿಗೂ ಪೂರ್ತಿ ತಿಳಿದಿಲ್ಲ. ಕೆಲಸ ಮುಗಿಯಿತು ಎನ್ನುವುದಕ್ಕೂ ಆತ್ರಿ. ಮುಗಿಸುತ್ತೇನೆ ಬಿಡಿ ಎನ್ನುವುದಕ್ಕೂ ಆತ್ರಿ. ನೀವು ಹೇಳಿದ್ದು ಕಿವಿಗೆ ಬಿತ್ತು, ಮುಂದಿನದು ದೇವರಿಗೆ ಬಿಟ್ಟದ್ದು ಎನ್ನುವುದಕ್ಕೂ ಆತ್ರಿ. ಸಾಕು, ಇನ್ನು ಎದ್ದು ಹೋಗಿ ಎನ್ನುವುದಕ್ಕೂ ಅದೇ. ಹೇಳುವವನ ಮುಖ ನೋಡಿ ಅರ್ಥ ಮಾಡಿಕೊಳ್ಳಬೇಕು. ನಾನು ನೋಡಬೇಕಾಗಿದ್ದ ಮುಖ ಯಾವಾಗಲೂ ಕಾರಿನ ಕೆಳಗಿರುತ್ತಿತ್ತು.

ನಾನು ಫೋಟೊ ಸ್ಟುಡಿಯೊದವನು. ಅಪ್ಪ ಇಟ್ಟ ಸ್ಟುಡಿಯೊ. ಅವರ ಕಾಲದಲ್ಲಿ ಅಲ್ಲೊಂದು ಪ್ಲೈವುಡ್ಡಿನ ಕಾರಿತ್ತು. ಕಾರೆಂದರೆ ಒಂದು ಪಕ್ಕ ಮಾತ್ರ, ಕೆಂಪು ಬಳಿದು ನಿಲ್ಲಿಸಿದ ಹಲಗೆ. ಅದರ ಹಿಂದೆ ಬೆಂಚು ಹಾಕಿ ಹೊಸ ಜೋಡಿಗಳನ್ನು ಕೂರಿಸಿ ಅಪ್ಪ ಫೋಟೊ ತೆಗೆಯುತ್ತಿದ್ದರು. ಸುತ್ತಲಿನ ಎಷ್ಟೋ ಮನೆಗಳ ಗೋಡೆಯ ಮೇಲೆ ಗಂಡ ಹೆಂಡತಿ ಆ ಕಾರಿನಲ್ಲಿ ಎಲ್ಲಿಗೂ ಹೋಗದೆ ಈಗಲೂ ಕೂತಿದ್ದಾರೆ. ನಮ್ಮ ಮದುವೆಯ ಫೋಟೊ ಕೂಡ ಅದರಲ್ಲೇ. ಫೋಟೊ ಮುಗಿಸಿ ಏಳುವಾಗ ಹಲಗೆಯ ಮೊಳೆಗೆ ಸಿಕ್ಕಿ ನನ್ನ ಹೆಂಡತಿಯ ಇಳಕಲ್ ಸೀರೆ ಹರಿಯಿತು. ಆ ಸೀರೆಯ ಮಾತು ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಈಗ ಎಲ್ಲರ ಕೈಯಲ್ಲೂ ಮೊಬೈಲು. ಸ್ಟುಡಿಯೊಗೆ ಬರುವವರು ಪಾಸ್‌ಪೋರ್ಟ್ ಸೈಜಿನವರು ಮಾತ್ರ, ಅವರೂ ನಗುವುದಿಲ್ಲ. ಕೈಗೆ ಒಂದಿಷ್ಟು ಕೆಲಸ ಕೊಡುವುದೆಂದರೆ ಮದುವೆಗೆ ಮುಂಚೆ ಹುಡುಗ ಹುಡುಗಿ ಅಲ್ಲಿ ಇಲ್ಲಿ ಓಡಾಡಿ ತೆಗೆಸಿಕೊಳ್ಳುವ ಪ್ರಿವೆಡ್ಡಿಂಗ್ ಎಂಬ ಹೊಸ ಹುಚ್ಚು. ಹರಪನಹಳ್ಳಿಯಲ್ಲಿ ಒಬ್ಬರು ಹೊಗೆ ಬಿಡುವ ಮಿಷನ್ ತಂದರು. ಕೂಡ್ಲಿಗಿಯಲ್ಲಿ ಇನ್ನೊಬ್ಬರು ಬಿಳಿ ಕುದುರೆ ತಂದರು. ನನ್ನ ಹತ್ತಿರ ಇದ್ದದ್ದು ಗೆದ್ದಲು ತಿಂದ ಅಪ್ಪನ ಹಲಗೆ. ಇಂಥ ಹೊತ್ತಿನಲ್ಲಿ ಒಂದು ಜೋಡಿಯನ್ನು ಕರೆದುಕೊಂಡು ಮಾಗಳದ ಹೊಳೆದಂಡೆಗೆ ಹೋದಾಗ, ಮಲ್ಲಿಗೆ ತೋಟವೊಂದರ ಪಕ್ಕದ ತಗಡಿನ ಮಾಡಿನ ಕೆಳಗೆ ಆ ಕಾರು ಕಂಡಿತು.

ಒಂದು ಕಾಲದ ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ಎರಡೇ ಸೀಟು, ಮಡಚಿ ಹಿಂದಕ್ಕೆ ತಳ್ಳುವ ಬಟ್ಟೆಯ ಟಾಪು. ಬಟ್ಟೆ ಇರಲಿಲ್ಲ, ಅದರ ಕಡ್ಡಿಗಳಷ್ಟೇ ಇದ್ದವು. ಡ್ಯಾಮಿನ ಕಡೆ ಕೆಲಸಕ್ಕಿದ್ದ ಎಂಜಿನಿಯರೊಬ್ಬರಿಂದ ತೋಟದ ಗೌಡರ ತಂದೆ ಕೊಂಡದ್ದಂತೆ. ಅವರು ಹೋದ ಮೇಲೆ ಯಾರೂ ಮುಟ್ಟಿರಲಿಲ್ಲ. ಎತ್ತಿಕೊಂಡು ಹೋದರೆ ಸಾಕು ಎನ್ನುವ ಹಾಗೆ ಗೌಡರು ಅಗ್ಗಕ್ಕೆ ಒಪ್ಪಿದರು. ಆದರೆ ಒಂದು ಕೊಕ್ಕೆ ಇಟ್ಟರು.

“ಒಯ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಈಗ ಬ್ಯಾಡ. ಒಳಗ ಕೋಳಿ ಕಾವಿಗೆ ಕುಂತೈತಿ. ಮರಿ ಆಗ್ಲಿ.”

ಡ್ರೈವರ್ ಸೀಟಿನಲ್ಲಿ ನಿಜಕ್ಕೂ ಒಂದು ಕೋಳಿ ಕೂತು ನನ್ನನ್ನು ದುರುಗುಟ್ಟಿ ನೋಡುತ್ತಿತ್ತು. ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಬಾರದಂತೆ. ಅದಾದ ಮೇಲೆ ದಿನಾ ಫೋನು ಮಾಡಿ “ಗೌಡ್ರ, ಮರಿ ಆದ್ವಾ?” ಎಂದು ಕೇಳುವುದು ನನ್ನ ಕೆಲಸವಾಯಿತು. ಗಿರಾಕಿಗಳ ಮುಂದೆ ಹಾಗೆ ಕೇಳಿ ಕೇಳಿ ನಾನು ಸ್ಟುಡಿಯೊ ಮುಚ್ಚಿ ಕೋಳಿ ಸಾಕುತ್ತಿದ್ದೇನೆಂದು ಊರಲ್ಲಿ ಸುದ್ದಿಯಾಯಿತು. ಕೊನೆಗೆ ಮರಿಗಳು ಇಳಿದು ಹೋದ ಮೇಲೆ ಕಾರನ್ನು ಟ್ರ್ಯಾಕ್ಟರಿನ ಟ್ರಾಲಿಗೆ ಹೇರಿಸಿ ತಂದೆ. ಸೀಟಿನ ಸಂದಿಯಲ್ಲಿ ಮರಿಯಾಗದ ಮೊಟ್ಟೆಯೊಂದು ಉಳಿದಿದ್ದು, ಹಗರಿಬೊಮ್ಮನಹಳ್ಳಿ ದಾಟುವಾಗ ಒಡೆದು, ಕೊಟ್ಟೂರು ಮುಟ್ಟುವವರೆಗೂ ನಾನು ಮೂಗು ಹಿಡಿದುಕೊಂಡೇ ಕೂತಿದ್ದೆ.

ಕಾರನ್ನು ಮನೆಯ ಹಿಂದಿನ ಶೆಡ್ಡಿನಲ್ಲಿ ಇಳಿಸಿದೆವು. ನಿಜವಾದ ತಕರಾರು ಶುರುವಾದದ್ದು ಅಲ್ಲಿಂದ. ನನ್ನ ಹೆಂಡತಿ ನಾಲ್ಕಾರು ಹೆಂಗಸರನ್ನು ಜೊತೆಗೆ ಹಾಕಿಕೊಂಡು ಖಡಕ್ ರೊಟ್ಟಿ ತಟ್ಟಿ ಮಾರುತ್ತಾಳೆ. ದಾವಣಗೆರೆಯವರೆಗೂ ಅವಳ ರೊಟ್ಟಿ ಹೋಗುತ್ತದೆ. ಅಡುಗೆಮನೆ ಸಾಲದೆ, ಶೆಡ್ಡಿನಲ್ಲಿ ದೊಡ್ಡ ಒಲೆಗಳನ್ನು ಹೂಡಬೇಕೆಂದು ಅವಳು ಆಗಲೇ ಗೊತ್ತು ಮಾಡಿಕೊಂಡಿದ್ದಳು. ಟ್ರಾಲಿಯಿಂದ ಇಳಿದ ಕಾರನ್ನು ಒಂದು ಸುತ್ತು ಹಾಕಿ ನೋಡಿದಳು.

“ಆಗ ಹಲಗಿ ಕಾರಿನ್ಯಾಗ ಕುಂದ್ರಿಸಿ ಸೀರಿ ಹರಿಸಿದ್ರಿ. ಈಗ ತಗಡಿಂದು ತಂದೀರಿ,” ಎಂದಳು. ಆಮೇಲೆ ಕರಾರು ಹೇಳಿದಳು. “ಬಸವ ಜಯಂತಿ ತನಕ ಶೆಡ್ಡು ನಿಮ್ದು. ಅವತ್ತು ನನ್ನ ಒಲಿ ಇಲ್ಲಿ ಹೂಡತೀನಿ. ಅಷ್ಟೊತ್ತಿಗೆ ಇದು ತಾನಾ ಹೊರಗ ಹೋಗಬೇಕು. ಯಾರರ ಕೈ ಹಚ್ಚಿ ನೂಕಿದ್ರೋ, ನೂಕ್ಕೊಂತ ಹಂಗಾ ಗುಜರಿ ಅಂಗಡಿ ತನಕ ಹೋಗ್ರಿ.”

ನಾನು ಒಪ್ಪಿದೆ. ಒಪ್ಪದೆ ಏನು ಮಾಡಲಿ, ಕಾರಿಗೆ ಹಾಕಿದ ದುಡ್ಡಿನಲ್ಲಿ ರೊಟ್ಟಿಯ ದುಡಿಮೆಯೂ ಸೇರಿತ್ತು. ಇದು ಓಡಿ ಪ್ರಿವೆಡ್ಡಿಂಗ್ ಜೋಡಿಗಳನ್ನು ಕೂರಿಸಿಕೊಂಡರೆ ಸ್ಟುಡಿಯೊ ಉಳಿಯುತ್ತದೆ, ಗುಜರಿಗೆ ಹೋದರೆ ನಾನು ಜೆರಾಕ್ಸ್ ಮಿಷನ್ ಹಿಂದೆ ಕೂರಬೇಕು ಎಂದು ನನಗೆ ಖಾತ್ರಿಯಾಗಿತ್ತು. ನಿಜ ಹೇಳಬೇಕೆಂದರೆ ಅದಷ್ಟೇ ಅಲ್ಲ. ಚಿಕ್ಕಂದಿನಲ್ಲಿ ಅಪ್ಪ ಇಲ್ಲದಾಗ ಆ ಹಲಗೆಯ ಹಿಂದೆ ಕೂತು ಬಾಯಲ್ಲೇ ಸದ್ದು ಮಾಡಿಕೊಂಡು ಗಾಡಿ ಓಡಿಸಿದವನು ನಾನು. ಈ ಕಾರು ನನಗೆ ಬೇಕಿತ್ತು.

ಕೂಡ್ಲಿಗಿಯಿಂದ ಒಬ್ಬ ಉಸ್ತಾದರನ್ನು ಗೊತ್ತು ಮಾಡಿದೆ. ಲಾರಿ, ಟ್ರ್ಯಾಕ್ಟರ್ ರಿಪೇರಿಯಲ್ಲಿ ಹೆಸರಿದ್ದವರು. ಬಂದವರೇ ಬಾನೆಟ್ ಎತ್ತಿ, ಒಳಗಿನ ಗೂಡುಗಳನ್ನೆಲ್ಲ ಕೋಲಿನಿಂದ ಕೆದಕಿ, “ಇಂಜಿನ್ ಜಾಮ್ ಆಗೇತ್ರಿ ಅಣ್ಣಾರ. ಡೀಸೆಲ್ ಕುಡಿಸಿ ಬಿಡೂಣು, ತಾನಾ ಬಿಡತೈತಿ,” ಎಂದರು. ಯಾವಾಗ ಎಂದು ಕೇಳಿದ್ದಕ್ಕೆ ಬಂದ ಉತ್ತರ: “ಆತ್ರಿ.” ನಾನು ಖುಷಿಯಿಂದ ಚಹಾ ತರಿಸಿದೆ. ಇಂಜಿನ್ ಬಿಟ್ಟುಕೊಂಡದ್ದು ಮಳೆಗಾಲ ಮುಗಿದ ಮೇಲೆ.

ಈ ಕಾರಿನ ಸಾಮಾನು ಅಂಗಡಿಯಲ್ಲಿ ಸಿಗುವುದಿಲ್ಲ. ಸಿಗುವಲ್ಲಿಂದ ತರಿಸುವ ಶಕ್ತಿ ನನಗಿಲ್ಲ. ಹಾಗಾಗಿ ಹೆಡ್‌ಲೈಟು ಆಟೋದ್ದು, ಬ್ಯಾಟರಿ ಟ್ರ್ಯಾಕ್ಟರಿನದು, ಫ್ಯಾನ್ ಬೆಲ್ಟು ಹಿಟ್ಟಿನ ಗಿರಣಿಯದ್ದು. ಪೆಟ್ರೋಲ್ ಟ್ಯಾಂಕು ಜರಡಿಯಾಗಿದ್ದರಿಂದ ಉಸ್ತಾದರು ಮೇಲಿನ ತೊಲೆಗೆ ಸಲೈನ್ ಬಾಟಲಿ ಕಟ್ಟಿ ಪೆಟ್ರೋಲ್ ಇಳಿಬಿಟ್ಟರು. ಹಾಗೆ ಗ್ಲೂಕೋಸ್ ಏರಿಸಿಕೊಂಡೇ ಇಂಜಿನ್ ಮೊದಲ ಸಲ ಒಮ್ಮೆ ಕೆಮ್ಮಿ, ಶೆಡ್ಡಿನ ತುಂಬ ಕರಿ ಹೊಗೆ ಬಿಟ್ಟು ನಿಂತಿತು. ನಾನು ಚಪ್ಪಾಳೆ ತಟ್ಟಿದೆ. ಹೊಗೆ ನೇರ ಅಡುಗೆಮನೆಗೆ ನುಗ್ಗಿತು. ಅವತ್ತಿನ ರೊಟ್ಟಿ ಪೆಟ್ರೋಲು ವಾಸನೆ ಹೊಡೆಯುತ್ತದೆಂದು ಅಷ್ಟೂ ವಾಪಸು ಬಂತು. ಆ ವಾರ ನಾವು ಮೂರು ಹೊತ್ತೂ ಅದನ್ನೇ ತಿಂದೆವು. ನನ್ನ ಹೆಂಡತಿ ಬಡಿಸುವಾಗ ನನ್ನ ತಟ್ಟೆಗೆ ಒಂದು ರೊಟ್ಟಿ ಹೆಚ್ಚೇ ಹಾಕುತ್ತಿದ್ದಳು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಇನ್ನು ಸೀಟು. ಹಗರಿಬೊಮ್ಮನಹಳ್ಳಿಯಲ್ಲಿ ಗಾದಿ ಹೊಲಿಯುವವರೊಬ್ಬರು ಸಲೀಸಾಗಿ ಮಾಡಿಕೊಡುತ್ತೇನೆಂದರು. ಗಾದಿಯವರು ಗಾದಿಯನ್ನೇ ಮಾಡಿದ್ದರು. ಒಳ್ಳೆಯ ಹತ್ತಿ, ಒತ್ತಾಗಿ ತುಂಬಿ, ಅಲ್ಲಲ್ಲಿ ಗುಂಡಿ ಹಾಕಿ ಹೊಲಿದಿದ್ದರು. ಹತ್ತಿ ಕೂತರೆ ನನ್ನ ತಲೆ ಮುಂದಿನ ಗಾಜಿಗಿಂತ ಮೇಲೆ ಬಂತು, ಮೊಣಕಾಲು ಸ್ಟೇರಿಂಗಿಗೆ ಸಿಕ್ಕಿಕೊಂಡಿತು. ಕೇಳಿದರೆ, “ಹೊಸಾ ಹತ್ತಿರಿ, ಕುಂತು ಕುಂತು ತಗ್ಗತೈತಿ. ದಿನಾ ಒಂದೀಟು ಕುಂದರ್ರಿ,” ಎಂದರು. ಓಡದ ಕಾರಿನಲ್ಲಿ ದಿನಾ ಸಂಜೆ ಗಾದಿ ತಗ್ಗಿಸಲು ಕೂರುವ ಗತಿ ನನಗೆ ಬಂತು. ಓಣಿಯವರು ಬಗ್ಗಿ ನೋಡಿ, “ಎಲ್ಲಿಗೆ ಹೊಂಟೀರಿ?” ಎಂದು ಕೇಳಿ ಹೋಗುತ್ತಿದ್ದರು.

ಎಲ್ಲಕ್ಕಿಂತ ಮೈ ಉರಿಸಿದವನು ಬಣ್ಣದವನು. ಟ್ರ್ಯಾಕ್ಟರ್ ಟ್ರಾಲಿಗಳಿಗೆ ಬಣ್ಣ ಹೊಡೆಯುವ ಆಸಾಮಿ. ಬರೀ ಕೆಂಪು, ಬೇರೆ ಏನೂ ಬೇಡ, ಒಂದು ಗೆರೆಯೂ ಬೇಡ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಅವನೂ ಆತ್ರಿ ಎಂದ. ನಾನು ಉಜ್ಜಿನಿ ಕಡೆ ಒಂದು ನಿಶ್ಚಯದ ಫೋಟೊಗೆ ಹೋಗಿ ಸಂಜೆ ಬಂದು ನೋಡುತ್ತೇನೆ: ಮುಂದೆ ‘ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ’, ಎರಡೂ ಬಾಗಿಲ ಮೇಲೆ ಹೂಬಳ್ಳಿ, ಹಿಂದುಗಡೆ ಹಳದಿಯಲ್ಲಿ ‘ನಿಧಾನವಾಗಿ ಚಲಿಸಿ’.

“ಬರೇ ಕೆಂಪು ಬಾಳ ಬೋಳು ಕಾಣ್ತಿತ್ರಿ,” ಎಂದ. “ಹಂಗಾ ಬಿಡಾಕ ಮನಸ್ಸ ಬರ್ಲಿಲ್ಲ.”

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಉಸ್ತಾದರು ಕಾರಿನ ಕೆಳಗಿಂದಲೇ, “ಇರ್ಲಿ ಬಿಡ್ರಿ ಅಣ್ಣಾರ, ನಿಧಾನ ಅನ್ನೋದು ಖರೇನಾ ಐತಲ್ಲ,” ಎಂದರು. ಅಳಿಸಲು ಮತ್ತೊಂದು ಡಬ್ಬಿ ಬಣ್ಣ ಬೇಕು. ದೇವರ ಹೆಸರನ್ನು ಅಳಿಸಲು ಧೈರ್ಯವೂ ಬೇಕು. ಎರಡೂ ಇರಲಿಲ್ಲ.

ಬಸವ ಜಯಂತಿ ಹತ್ತಿರ ಬಂತು. ಇಂಜಿನ್ ಈಗ ಸಲೈನ್ ಇಲ್ಲದೆ ಕೆಮ್ಮುತ್ತಿತ್ತು, ಉಸ್ತಾದರು ಮುಟ್ಟಿದರೆ ಮಾತ್ರ. ಉಳಿದದ್ದು ಬ್ರೇಕು. ಶೆಡ್ಡಿನ ನೆಲ ನೀರು ಹರಿಯಲೆಂದು ಹಿಂದಿನ ಓಣಿಯ ಕಡೆಗೆ ಇಳಿಜಾರು, ಓಣಿಯೂ ಹಾಗೇ ಇಳಿಯುತ್ತದೆ. ಗಾಲಿಗಳಿಗೆ ಕಲ್ಲು ಕೊಟ್ಟು ಕಾರನ್ನು ನಿಲ್ಲಿಸಿದ್ದೆವು. ಹಬ್ಬದ ಹಿಂದಿನ ದಿನ ಉಸ್ತಾದರಿಗೆ ಫೋನು ಮಾಡಿದೆ.

“ನಾಳೆ ಬೆಳಿಗ್ಗಿ ಪೂಜಿ ಐತಿ, ನೀವು ಬಂದು ಚಾಲೂ ಮಾಡಿಕೊಡಬೇಕು. ಮತ್ತ ಬ್ರೇಕಿಂದು ಹೆಂಗ? ಆತಾ?”

“ಆತ್ರಿ ಅಣ್ಣಾರ.”

ಅಬ್ಬಾ ಎನ್ನಿಸಿತು. ಒಂದು ಕೆಲಸವಾದರೂ ನನಗೆ ಗೊತ್ತಾಗದ ಹಾಗೆ ಮುಗಿದಿದೆಯಲ್ಲ!

ಬೆಳಿಗ್ಗೆ ಕಾರು ತೊಳೆದು, ವಿಭೂತಿ ಹಚ್ಚಿ, ಹಡಗಲಿ ಮಲ್ಲಿಗೆಯ ಮಾಲೆ ಹಾಕಿದೆ. ಹೊಸ ಗಾಡಿಯ ಗಾಲಿಗಳ ಕೆಳಗೆ ನಿಂಬೆಹಣ್ಣು ಇಡಬೇಕು, ಅದನ್ನು ತುಳಿದುಕೊಂಡೇ ಗಾಡಿ ಹೊರಡಬೇಕು, ಇದು ನಮ್ಮಲ್ಲಿ ಯಾರೂ ತಪ್ಪಿಸುವುದಿಲ್ಲ. ನಿಂಬೆಹಣ್ಣು ಇಡುವ ಜಾಗದಲ್ಲಿ ಕಲ್ಲಿತ್ತು. ಬ್ರೇಕ್ ಆಗಿದೆಯಲ್ಲ ಎಂದು ಹ್ಯಾಂಡ್‌ಬ್ರೇಕ್ ಎಳೆದು, ಒಂದೊಂದೇ ಕಲ್ಲು ತೆಗೆದು ಒಂದೊಂದೇ ನಿಂಬೆಹಣ್ಣು ಇಟ್ಟೆ.

ಕೊನೆಯ ಕಲ್ಲು ತೆಗೆದಾಗ ಕಾರು ಒಂದು ಗಳಿಗೆ ನಿಂಬೆಹಣ್ಣಿನ ಮೇಲೆ ನಿಂತಿತು. ಆಮೇಲೆ ಪಿಚಕ್ ಎಂದಿತು. ನನ್ನ ಕಣ್ಣೆದುರೇ ಕಾರು ಹಿಂದಕ್ಕೆ ಸರಿದು, ಶೆಡ್ಡು ದಾಟಿ, ಓಣಿಗಿಳಿದು, ನಿಧಾನವಾಗಿ ಚಲಿಸಿ ಎಂದು ಬರೆದ ಬೆನ್ನನ್ನು ಮುಂದೆ ಮಾಡಿಕೊಂಡು ಜೋರಾಗಿ ಹೊರಟಿತು. ನಾನು “ಹೋ, ಹೋ” ಎಂದು ಎತ್ತಿಗೆ ಕೂಗಿದ ಹಾಗೆ ಕೂಗುತ್ತ ಓಡಿದೆ. ಓಣಿಯ ತುದಿಯಲ್ಲಿ ಯಾರದೋ ಜೋಳದ ಸೊಪ್ಪೆಯ ಬಣವೆ ಇತ್ತು. ಪುಣ್ಯಕ್ಕೆ ಅದರೊಳಗೆ ಅರ್ಧ ಹೊಕ್ಕು ನಿಂತಿತು. ಆಟೋದ ಹೆಡ್‌ಲೈಟೊಂದು ಕಳಚಿ ನನ್ನ ಕಾಲಬುಡಕ್ಕೆ ಉರುಳಿತು. ಸಿಟ್ಟು, ನಾಚಿಕೆ, ಅಳು ಎಲ್ಲ ಒಟ್ಟಿಗೇ ಬಂತು.

ಅಷ್ಟರಲ್ಲಿ ಉಸ್ತಾದರು ಬೈಕಿನಲ್ಲಿ ಬಂದಿಳಿದರು. ಕೈಯಲ್ಲಿ ಒಂದು ಪೊಟ್ಟಣ. “ಬ್ರೇಕಿನ ಸಾಮಾನು ತಂದೀನ್ರಿ,” ಎಂದು ನಗುತ್ತ ಹೇಳಿ, ಬಣವೆಯ ಕಡೆ ನೋಡಿ ನಗು ನಿಲ್ಲಿಸಿದರು.

“ನೀವು ನಿನ್ನಿ ಆತ್ರಿ ಅಂದಿದ್ರಿ!” ನಾನು ಕೂಗಾಡಿದೆ.

“ನೀವು ಆತಾ ಅಂದ್ರಿ. ಹಾಕತೀನಿ ಅಂತ ನಾ ಆತ್ರಿ ಅಂದೆ.”

ಅಷ್ಟು ಹೊತ್ತಿಗೆ ಹಿಟ್ಟಿನ ಕೈಯಲ್ಲೇ ನನ್ನ ಹೆಂಡತಿ ಬಂದಳು, ಹಿಂದೆ ರೊಟ್ಟಿಯ ಹೆಂಗಸರು. ಬಣವೆ ನೋಡಿದಳು, ಕಾರು ನೋಡಿದಳು, ನನ್ನನ್ನು ನೋಡಿದಳು. ಗುಜರಿ ಅಂಗಡಿ ಯಾವ ದಿಕ್ಕಿಗಿದೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದ್ದೆ.

“ಯಾರು ನೂಕಿದ್ರು?” ಎಂದು ಕೇಳಿದಳು.

“ಯಾರೂ ಇಲ್ಲ.”

“ನೀವು?”

“ನಾ ಬರೇ ಕಲ್ಲು ತೆಗದೆ.”

ಅವಳು ಶೆಡ್ಡಿನ ಕಡೆ ತಿರುಗಿ ನೋಡಿದಳು. ಅದು ಖಾಲಿಯಾಗಿತ್ತು. “ಹಂಗಾರ ತಾನಾ ಹೊರಗ ಹೋಗೇತಿ,” ಎಂದಳು. “ಮಾತು ಅಂದ್ರ ಮಾತು. ಗುಜರಿಗೆ ಬ್ಯಾಡ.” ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಅವಳು ಸೊಪ್ಪೆ ಸರಿಸಿ ಬಾಗಿಲು ತೆರೆದಳು. ಒಳಗೆ ಕೈಯಾಡಿಸಿ, “ಮೊಳಿ ಗಿಳಿ ಇಲ್ಲಲ್ಲ?” ಎಂದು ಕೇಳಿ, ನಾನು ಇಲ್ಲವೆಂದ ಮೇಲೆ ಸೀರೆ ಒಟ್ಟುಮಾಡಿಕೊಂಡು ಆ ಎತ್ತರದ ಗಾದಿಯ ಮೇಲೆ ಹತ್ತಿ ಕೂತಳು. ಹಿಟ್ಟಿನ ಎರಡೂ ಕೈಗಳನ್ನು ಸ್ಟೇರಿಂಗಿನ ಮೇಲಿಟ್ಟಳು. ಹಲಗೆಯ ಕಾರಿನ ಫೋಟೊದಲ್ಲಿ ಅವಳ ಮುಖ ಬಿಗಿದುಕೊಂಡಿತ್ತು. ಇಲ್ಲಿ ಹಾಗಿರಲಿಲ್ಲ. ನನಗೆ ಅವಳ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಉಕ್ಕಿತು.

“ನೋಡ್ಕೊಂತ ನಿಂತ್ರ ಹೆಂಗ? ಒಂದು ಫೋಟೊ ತೆಗೀರಿ. ಒಲಿ ಹೂಡೋ ಹೊತ್ತಾತು,” ಎಂದು ಗಾಜಿನ ಮೇಲಿಂದ ನೆಟ್ಟಗೆ ನನ್ನತ್ತ ನೋಡಿ ನಕ್ಕಳು. ನಾನು ಅವಳನ್ನೇ ನೋಡುತ್ತ ನಿಂತೆ. ಅವಳು ಸ್ವಲ್ಪ ಹೊತ್ತು ಹಾಗೇ ನಗುತ್ತ ಕೂತಿದ್ದು, ಆಮೇಲೆ ಕೇಳಿದಳು.

“ಆತಾ?”

ಕ್ಯಾಮೆರಾ ಇನ್ನೂ ಸ್ಟುಡಿಯೊದಲ್ಲಿತ್ತು. “ಆತು,” ಎಂದೆ.