ಅಬ್ಬಿಯ ಬದಲು ನಾನು ಕೊಟ್ಟ ಉತ್ತರ

ನನಗೆ ಸೂಜಿ ಚಿಕಿತ್ಸೆಯ ಹುಚ್ಚು ಹತ್ತಿದ್ದು ನನ್ನದೇ ತಲೆನೋವಿನಿಂದ. ಅಕ್ಯುಪಂಕ್ಚರ್ ಎಂಬ ಹೆಸರು ನಮ್ಮ ಕಡೆ ಆಗ ಹೊಸತು. ಕುಂದಾಪುರದ ಬಸ್ ನಿಲ್ದಾಣದ ಹತ್ತಿರ, ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ವೈದ್ಯರೊಬ್ಬರು ಶನಿವಾರ ಮಧ್ಯಾಹ್ನ ಬಂದು ಕೂರುತ್ತಿದ್ದರು. ವರ್ಷಗಟ್ಟಲೆ ಕಾಡಿದ ಅರೆತಲೆನೋವು ಎಂಟು ಸಲ ಸೂಜಿ ಚುಚ್ಚಿಸಿಕೊಂಡ ಮೇಲೆ ಬಿಟ್ಟೇ ಹೋಯಿತು. ಸರಿ, ಇನ್ನು ನನ್ನ ಬಾಯಿ ಹಿಡಿಯುವವರು ಯಾರು! ಶಾಲೆಯ ಸಹೋದ್ಯೋಗಿಗಳ ಮಂಡಿಗೂ ಪಕ್ಕದ ಮನೆಯವರ ಕುತ್ತಿಗೆಗೂ ನನ್ನದು ಒಂದೇ ಮದ್ದು.

ಅಬ್ಬಿಗೆ, ಅಂದರೆ ನನ್ನ ತಾಯಿಗೆ, ಸೊಂಟ ನೋವು ಶುರುವಾದದ್ದು ಅದೇ ಹೊತ್ತಿಗೆ. ಕಿರಿಮಂಜೇಶ್ವರದ ನಮ್ಮ ಮನೆಯಿಂದ ಇಪ್ಪತ್ತು ವರ್ಷ ಗೇರುಬೀಜದ ಕಾರ್ಖಾನೆಗೆ ಹೋಗಿ ಬೀಜ ಒಡೆದವಳು. ಕೂತು ಕೂತು ಬಂದ ನೋವು ಎಂದು ನಾನೇ ತೀರ್ಮಾನಿಸಿದೆ. "ದೊಡ್ಡಾಸ್ಪತ್ರಿಗೆ ಒಂದ್ ಸಲ ತೋರ್ಸುವನಾ?" ಎಂದು ಅವಳು ಕೇಳಿದ್ದು ನಿಜ. "ಅಲ್ಲಿಗ್ ಹೋದ್ರೆ ಕೊಯ್ತ್ರ್ ಅಷ್ಟೇ. ಸುಮ್ನೆ ನಾ ಹೇಳ್ದಲ್ಲಿಗ್ ಬಾ" ಎಂದೆ. ಅವಳು ಮತ್ತೆ ಕೇಳಲಿಲ್ಲ.

ಶನಿವಾರ ಶಾಲೆ ಬಿಟ್ಟ ಕೂಡಲೇ ಅವಳನ್ನು ಬಸ್ಸು ಹತ್ತಿಸುತ್ತಿದ್ದೆ. ಹೆದ್ದಾರಿ ಇನ್ನೂ ಅಗಲವಾಗಿರಲಿಲ್ಲ. ಬಸ್ಸು ಹೊಂಡಕ್ಕಿಳಿದಾಗಲೆಲ್ಲ ಅವಳು ಎದುರಿನ ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚುತ್ತಿದ್ದಳು. ವೈದ್ಯರು ಬೋರಲು ಮಲಗಿಸಿ ಸೊಂಟಕ್ಕೆ, ಮೊಣಕಾಲ ಹಿಂಭಾಗಕ್ಕೆ, ಹಿಮ್ಮಡಿಯ ಪಕ್ಕಕ್ಕೆ ಕೂದಲೆಳೆಯಂಥ ಸೂಜಿಗಳನ್ನು ಚುಚ್ಚಿ ಅರ್ಧ ಗಂಟೆ ಬಿಡುತ್ತಿದ್ದರು. ಅವಳು ಒಂದು ಸಲವೂ ಅಯ್ಯೋ ಅನ್ನಲಿಲ್ಲ.

ಆ ವೈದ್ಯರು ಪ್ರಾಮಾಣಿಕರು, ಅದನ್ನು ಹೇಳಲೇಬೇಕು. ಸೂಜಿ ಚುಚ್ಚುವ ಮೊದಲು ಪ್ರತಿ ವಾರವೂ, "ಅಮ್ಮ, ಈಗ ನೋವ್ ಹ್ಯಾಂಗಿತ್ತ್?" ಎಂದು ಕೇಳುತ್ತಿದ್ದರು.

ಅಬ್ಬಿ ಬಾಯಿ ತೆರೆಯುವುದರೊಳಗೆ ನಾನು "ಕಡ್ಮಿ ಆಯ್ತ್ ಡಾಕ್ಟ್ರೇ, ಬಾಳ ಕಡ್ಮಿ" ಎನ್ನುತ್ತಿದ್ದೆ. ನಾನು ಪ್ರಾಥಮಿಕ ಶಾಲೆಯ ಟೀಚರು. ಪ್ರಶ್ನೆ ಯಾರದೇ ಆದರೂ ಉತ್ತರ ನನ್ನದು. ಸಿಟ್ಟಂತೂ ಮೂಗಿನ ತುದಿಯಲ್ಲೇ. ಅಬ್ಬಿ ನನ್ನ ಮುಖ ನೋಡಿ ಕೋಲೆಬಸವನ ಹಾಗೆ ತಲೆಯಾಡಿಸುತ್ತಿದ್ದಳು. ಆರನೇ ವಾರ ವೈದ್ಯರು ನನ್ನನ್ನು ಬಾಗಿಲ ಹತ್ತಿರ ಕರೆದರು. "ರಾತ್ರಿ ಮಲ್ಗಿದಾಗ ನೋವ್ ಬತ್ತಾ ಕೇಣಿ. ಬತ್ತಂದ್ರೆ ಸೂಜಿ ಸಾಕಾತಿಲ್ಲೆ, ದೊಡ್ಡಾಸ್ಪತ್ರಿಗೆ ತೋರ್ಸ್ಕ್" ಎಂದರು. "ಎಂತ ನೋವೂ ಇಲ್ಲೆ, ಗಡದ್ದ್ ನಿದ್ರಿ ಮಾಡತ್ತ್" ಎಂದು ಅಲ್ಲೇ ಹೇಳಿಬಿಟ್ಟೆ. ಗಡದ್ದಾಗಿ ನಿದ್ದೆ ಮಾಡುತ್ತಿದ್ದವಳು ನಾನು. ಅವಳು ಒಳಕೋಣೆಯಲ್ಲಿ ಎದ್ದು ಕೂರುತ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ.

ಮಳೆಗಾಲ ಹಿಡಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವಳ ಕಾಲೆರಡೂ ಏಳಲಿಲ್ಲ. ದೊಡ್ಡಾಸ್ಪತ್ರೆಗೆ ಒಯ್ದೆವು. ಕ್ಯಾನ್ಸರು ಬೆನ್ನುಮೂಳೆಗೆ ಹರಡಿತ್ತು. ಕೆಲವು ತಿಂಗಳ ಹಿಂದೆ ಬಂದಿದ್ದರೆ ಕಾಲನ್ನಾದರೂ ಉಳಿಸಬಹುದಿತ್ತು ಎಂದರು. ಅಲ್ಲಿಯ ಡಾಕ್ಟರಮ್ಮ ಬರೆದುಕೊಳ್ಳುತ್ತಾ, "ರಾತ್ರಿ ನೋವು ಎಷ್ಟು ದಿನದಿಂದ?" ಎಂದು ಕೇಳಿದರು. ನಾನು ಬಾಯಿ ತೆರೆದೆ.

ಅಷ್ಟರೊಳಗೆ ಅಬ್ಬಿಯೇ ಹೇಳಿದಳು. "ಸುರುವಿಂದ್ಲೂ ಇತ್ತ್ ಅಮ್ಮ. ಸೂಜಿ ಚುಚ್ಚಿ ಎಂತದೂ ಕಡ್ಮಿ ಆಯ್ಲ."

"ಮಗಳಿಗೆ ಹೇಳಲಿಲ್ಲವಾ?"

ಅಬ್ಬಿ ನನ್ನ ಕಡೆ ನೋಡಲಿಲ್ಲ. "ಇದ್ರ್ ಹತ್ರ ಹೇಳುಕ್ ಹೆದ್ರಿಕಿ ಆತಿತ್ತ್" ಎಂದಳು.

ಹೆತ್ತವಳು ನನಗೆ ಹೆದರಿ ನೋವು ನುಂಗಿಕೊಂಡಿದ್ದಳು! ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದ್ದು ನಾನು, ಉಂಡದ್ದು ಅವಳು. ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ ಕೂತು, ಹೋಗಿಬರುವವರೆಲ್ಲ ನೋಡುವ ಹಾಗೆ ಅತ್ತೆ.

ಆಮೇಲೆ ಅವಳು ಇದ್ದದ್ದು ನಾಲ್ಕು ತಿಂಗಳು. ನಾನು ರಜೆ ಹಾಕಿ ಮಂಚದ ಪಕ್ಕವೇ ಕೂತೆ, ದನಿ ಎತ್ತರಿಸಲಿಲ್ಲ. ದಿನಕ್ಕೆ ಹತ್ತು ಸಲ ಕೇಳುತ್ತಿದ್ದೆ: "ಅಬ್ಬೀ, ನೋವ್ ಇತ್ತಾ? ನಿಜ ಹೇಳ್, ನಾ ಬೈತಿಲ್ಲೆ." ಹಲ್ಲು ಕಚ್ಚಿಕೊಂಡು ಅವಳು "ಅಡ್ಡಿಲ್ಲೆ ಮಗಾ" ಅನ್ನುತ್ತಿದ್ದಳು. ಕೊನೆಯ ದಿನ ಕೇಳಿದಾಗಲೂ ಅದನ್ನೇ ಹೇಳಿದಳು.