ಅವ್ವ ಹಚ್ಚದೆ ಬಿಟ್ಟ ಶಾಮಗಡ್ಡಿ

ವಟಾಣಿ ಬೆಳೆಯುವುದು ಸುಲಭ, ಶಾಮಗಡ್ಡಿ ಬೆಳೆಯುವುದು ಕಷ್ಟ ಎನ್ನುವುದು ಅಪ್ಪನ ಮಾತು. ಅವ್ವ ಇದನ್ನೇ ತಿರುವಿ ಹೇಳುತ್ತಿದ್ದಳು. ಹಸಿ ಬಟಾಣಿಗೆ ನಮ್ಮಲ್ಲಿ ವಟಾಣಿ ಅನ್ನುತ್ತಾರೆ, ಕೆಸುವಿನ ಗಡ್ಡೆಗೆ ಶಾಮಗಡ್ಡಿ, ನೆಡುವುದಕ್ಕೆ ಹಚ್ಚುವುದು. ಈ ಜಗಳ ಕೇಳುತ್ತಲೇ ಬೆಳೆದ ನಾನು ಈಗ ನನ್ನ ಹಿತ್ತಲಿನಲ್ಲಿ ಎರಡನ್ನೂ ಬೆಳೆಯುತ್ತೇನೆ. ತೀರ್ಪು ಕೊಡುವಷ್ಟು ವಯಸ್ಸೂ ಆಗಿದೆ, ಆದರೆ ಕೊಡುವುದಿಲ್ಲ. ಇಬ್ಬರೂ ಈಗ ಇಲ್ಲ. ಇಲ್ಲದವರ ಜಗಳದಲ್ಲಿ ಒಬ್ಬರನ್ನು ಗೆಲ್ಲಿಸಿ ನಾನೇನು ಮಾಡಲಿ?

ಅಪ್ಪ ನಿಜಾಮರ ಸರಕಾರದ ತಹಸೀಲ ಕಚೇರಿಯಲ್ಲಿ ಕಾರಕೂನರಾಗಿದ್ದರು. ದಿನವೆಲ್ಲ ಉರ್ದೂ ಕಾಗದ ಬರೆದು ಬರೆದು, ಮನೆಯಲ್ಲೂ ತಿಂಗಳುಗಳನ್ನು ಕಚೇರಿಯ ಫಸಲಿ ಪಂಚಾಂಗದ ಹೆಸರಿನಲ್ಲೇ ಹೇಳುತ್ತಿದ್ದರು. "ಆಜುರದಾಗ ಹಾಕು, ಬಹಮನದಾಗ ತಿನ್ನು. ವಟಾಣಿ ಅಂದ್ರ ಇಷ್ಟ ಅದ ನೋಡು" ಎನ್ನುವರು. ಅಂದರೆ ದಸರೆಯ ಆಚೀಚೆ ಬಿತ್ತಿದರೆ ಎಳ್ಳಮಾವಾಸ್ಯೆಯ ಕಾಳು-ಸೊಪ್ಪಿನ ಭಜ್ಜಿಗೆ ಹಸಿ ಕಾಳು ಸಿದ್ಧ. ಕಾಳನ್ನು ಒಂದು ರಾತ್ರಿ ನೆನೆಹಾಕಿ, ಬೆರಳಿನ ಎರಡು ಗೆಣ್ಣಿನಷ್ಟು ಆಳಕ್ಕೆ ಊರಿ, ಬಳ್ಳಿ ಹಬ್ಬಲು ತೊಗರಿಕಟ್ಟಿಗೆ ಚುಚ್ಚಿಬಿಟ್ಟರೆ ಮುಕ್ಕಾಲು ಕೆಲಸ ಮುಗಿಯಿತು. ಚಳಿ ಮತ್ತು ಇಬ್ಬನಿ ಉಳಿದದ್ದನ್ನು ನೋಡಿಕೊಳ್ಳುತ್ತವೆ. ಬುಡದಲ್ಲಿ ನೀರು ನಿಂತರೆ ಮಾತ್ರ ಬೇರು ಕೊಳೆಯುತ್ತದೆ. ಶಿವರಾತ್ರಿಯ ಹೊತ್ತಿಗೆ ಬಳ್ಳಿ ಒಣಗಿ ನೆಲ ಖಾಲಿಯಾಗುತ್ತದೆ. ಊರಿಂದ ಊರಿಗೆ ಓಡಾಡುವ ನೌಕರನಿಗೆ ಹೇಳಿ ಮಾಡಿಸಿದ ಬೆಳೆ.

ಅವ್ವ ಬೀದರ ಹತ್ತಿರದ ಕಮಠಾಣದ ಒಕ್ಕಲು ಮನೆಯವಳು. ಅವಳ ತವರಿನ ಬಾವಿಯ ಬದಿಗೆ ಒಂದು ಶಾಮಗಡ್ಡಿಯ ಮಡಿ ಇತ್ತು. ಅದನ್ನು ಯಾರು ಮೊದಲು ಹಚ್ಚಿದರೋ ಅವಳ ಅಜ್ಜಿಗೂ ಗೊತ್ತಿರಲಿಲ್ಲ. ಮುಂಗಾರಿಗೆ ಚಿಗುರಿ, ಮಳೆಗಾಲವೆಲ್ಲ ಮೊರದಗಲದ ಎಲೆ ಬಿಟ್ಟು, ಸಂಕ್ರಾಂತಿಯ ಹೊತ್ತಿಗೆ ಎಲೆ ಹಳದಿಯಾದಾಗ ಅಗೆಯಬೇಕು. ದಪ್ಪ ಗಡ್ಡೆ ಅಡಿಗೆಗೆ, ಸಣ್ಣವು ಮತ್ತೆ ಅದೇ ಮಣ್ಣಿಗೆ. ಎಂಟು ತಿಂಗಳು ಕಾಯುವ ತಾಳ್ಮೆ ಇದ್ದರೆ ಅದು ಮೊಮ್ಮಕ್ಕಳವರೆಗೂ ಮನೆ ಬಿಟ್ಟು ಹೋಗುವುದಿಲ್ಲ. ಬಚ್ಚಲ ನೀರು ಹರಿಯುವ ಕಡೆ ಹಚ್ಚಿದರೆ ಬೇರೆ ನೀರೂ ಬೇಡ. "ಹಚ್ಚಿದ ಮನ್ಯಾಗೇ ಗಡ್ಡಿ ಕಿತ್ತು ಉಣಬೇಕು, ಆಗ ಅದು ನಮ್ಮ ಮನಿ" ಎನ್ನುವಳು ಅವ್ವ. ಮದುವೆಯಾಗಿ ಹನ್ನೆರಡು ವರ್ಷವಾದರೂ ಅವಳಿಗೆ ಅದೊಂದು ಸಾಧ್ಯವಾಗಿರಲಿಲ್ಲ.

ನನಗೆ ಚೆನ್ನಾಗಿ ನೆನಪಿರುವ ಮೊದಲ ಮನೆ ಭಾಲ್ಕಿಯದು. ಕಮಠಾಣದಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಬೀಜದ ಗಡ್ಡೆಗಳನ್ನು ಅವ್ವ ಬಚ್ಚಲ ಹಿಂದೆ ಹಚ್ಚಿದಳು. ಎಲೆ ಬಂದವು. ನಾವು ಎಲೆಗೆ ಕಡ್ಲಿಹಿಟ್ಟು ಸವರಿ, ಸುರುಳಿ ಸುತ್ತಿ, ಬೇಯಿಸಿ ತಿಂದೆವು. ಒಂದು ದಿನ ನಾನು ಅತಿ ಜಾಣತನ ಮಾಡಿ, ಹುಣಸೆಹುಳಿ ಹಾಕದೆ ಪಲ್ಯ ಮಾಡಿಟ್ಟೆ. ಎಲ್ಲರ ಗಂಟಲೂ ಸಂಜೆಯವರೆಗೆ ಕೆರೆಯಿತು. ಅಪ್ಪ ಬೆಲ್ಲದ ಹೆಂಟೆ ಬಾಯಲ್ಲಿಟ್ಟುಕೊಂಡೇ ಕಚೇರಿಗೆ ಹೋದರು. ಶ್ರಾವಣ ಮುಗಿಯುವುದರೊಳಗೆ ತಬಾದಲಾ ಹುಕುಂ ಬಂತು. ವರ್ಗವಾಗಿದ್ದು ಔರಾದಕ್ಕೆ. ಅವ್ವ ಮಡಿ ಅಗೆದು ನೋಡಿದರೆ ಗಡ್ಡೆಗಳು ಬೆಳ್ಳುಳ್ಳಿಯ ಎಸಳಿನಷ್ಟಿದ್ದವು. ಅವನ್ನೇ ಮತ್ತೆ ಒದ್ದೆ ಬಟ್ಟೆಯಲ್ಲಿ ಕಟ್ಟಿ ಬಂಡಿಯಲ್ಲಿ ತನ್ನ ತೊಡೆಯ ಮೇಲಿಟ್ಟುಕೊಂಡಳು.

ಔರಾದದ ಮನೆ ಸಣ್ಣದು, ಹಿತ್ತಲು ದೊಡ್ಡದು, ಮಣ್ಣು ಕರಿಯದು. ಮೊದಲ ವರ್ಷ ಗಡ್ಡೆಗಳು ಚಳಿಗೆ ಮುದುಡಿ ನೆಲದೊಳಗೇ ಮಲಗಿದವು. ಮರುವರ್ಷ ರೋಹಿಣಿ ಮಳೆಗೆ ಎದ್ದವು ನೋಡಿ, ಅಂಥ ಎಲೆ ನಾನು ಮತ್ತೆಲ್ಲೂ ಕಂಡಿಲ್ಲ. ಮಳೆ ಬಂದರೆ ಕೋಳಿಮರಿಗಳು ಅದರ ಕೆಳಗೆ ನಿಲ್ಲುತ್ತಿದ್ದವು. ಅವ್ವ ದಿನವೂ ಬುಡಕ್ಕೆ ಮಣ್ಣೇರಿಸುವಳು, ಹಾದಿಯಲ್ಲಿ ಹೋಗುವವರನ್ನು ಕರೆದು ತೋರಿಸುವಳು. ಅತ್ತ ಅಪ್ಪನ ವಟಾಣಿಯೂ ಮೊಳಕೆಯೊಡೆದು ಬೆರಳುದ್ದ ಬಂದಿತ್ತು. ದೀಪಾವಳಿಗೆ ನಾಲ್ಕು ದಿನ ಇರುವಾಗ ಹುಕುಂ ಬಂತು, ಈ ಸಲ ಬೀದರಕ್ಕೆ. ಗಡ್ಡೆ ಬಲಿಯಲು ಇನ್ನೂ ಎರಡು ತಿಂಗಳು ಬೇಕಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅಪ್ಪ ತಮ್ಮ ವಟಾಣಿಯನ್ನು ನೋಡಿ ನಕ್ಕರು. "ಬಂದಾವ ತಿಂತಾನ ಬಿಡು" ಎಂದು ಮುಂದಿನ ಕಾರಕೂನನಿಗೆ ಬಿಟ್ಟರು. ಅವ್ವ ನಗಲಿಲ್ಲ. ಮಡಿಯ ಪಕ್ಕದಲ್ಲಿ ಕೂತು ಅತ್ತಳು. ನಾನು ಅವಳು ಅತ್ತದ್ದನ್ನು ಕಂಡದ್ದು ಅದೇ ಮೊದಲು, ಹೆದರಿಬಿಟ್ಟೆ. ಅಪ್ಪನಿಗೂ ದಿಕ್ಕು ತೋಚಲಿಲ್ಲ. ಸಮಾಧಾನ ಮಾಡುವ ವಿದ್ಯೆ ಅವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದದ್ದು ಚೇಷ್ಟೆ ಮಾತ್ರ.

"ಭಾಲ್ಕಿದಾಗೂ ಹಿಂಗ, ಇಲ್ಲೂ ಹಿಂಗ. ನೀ ಗಡ್ಡಿ ಹಚ್ಚೂದೇ ತಡ, ನನಗ ಹುಕುಂ ಬರ್ತದ ನೋಡು" ಎಂದರು.

ಅವ್ವ ತಟ್ಟನೆ ಅಳು ನಿಲ್ಲಿಸಿದಳು. ಚೇಷ್ಟೆ ಫಲಿಸಿತು ಎಂದುಕೊಂಡರು ಅಪ್ಪ. ನಾನೂ ಹಾಗೇ ಅಂದುಕೊಂಡೆ. ಆ ಸಲ ಅವಳು ಒಂದು ಗಡ್ಡೆಯನ್ನೂ ಕಿತ್ತು ತರಲಿಲ್ಲ.

ಬೀದರದ ಮನೆಯ ಹಿತ್ತಲಲ್ಲಿ ಬಚ್ಚಲ ನೀರು ಕಲ್ಲಿನ ಮೋರಿಯಲ್ಲಿ ಹರಿದು ಒಂದು ಮೂಲೆಯಲ್ಲಿ ಇಂಗುತ್ತಿತ್ತು. ಕೆಮ್ಮಣ್ಣು, ಸದಾ ಒದ್ದೆ, ಮೇಲೆ ನುಗ್ಗೆಮರದ ನೆರಳು. ಶಾಮಗಡ್ಡಿಗೆ ಇದಕ್ಕಿಂತ ಒಳ್ಳೆಯ ಜಾಗ ಹುಡುಕಿದರೂ ಸಿಗದು. ಪಕ್ಕದ ಮನೆಯ ಬೀಬಿ ತಮ್ಮ ಹಿತ್ತಲಲ್ಲಿ ಅದನ್ನೇ ಬೆಳೆಯುತ್ತಿದ್ದರು, ಅವರ ಮಾತಿನಲ್ಲಿ ಅದು ಅರವಿ. ನಾವು ಬಂದ ವರ್ಷವೇ ಗೋಡೆಯಾಚೆಯಿಂದ ಕೂಗಿದರು.

"ಅಮ್ಮಾ, ಅರವಿ ಬೀಜ ಕೊಡ್ತೇನಿ, ಹಚ್ರಿ. ಇಂಥಾ ಜಾಗಾ ಖಾಲಿ ಬಿಡೂದು ಗುನ್ಹಾ ಅದ!"

"ಬ್ಯಾಡ್ರಿ ಬೀಬಿ. ನನಗ ಅದರ ಎಲಿ ಮುಟ್ಟಿದ್ರ ಕೈ ಕೆರೀತದ" ಎಂದಳು ಅವ್ವ.

ಮೊಣಕೈವರೆಗೆ ಆ ಗಿಡದ ರಸದಲ್ಲಿ ಮುಳುಗಿ ಬೆಳೆದವಳು! ನಾನು ಬಾಯಿ ತೆರೆಯುವ ಮೊದಲೇ ನನ್ನ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಬಂದಳು.

"ಸುಳ್ಳ್ಯಾಕ ಹೇಳ್ದಿ?"

"ಗಡ್ಡಿ ಹಚ್ಚಿದ್ರ ಹುಕುಂ ಬರ್ತದ. ನನಗಿನ್ನ ಬಂಡಿ ಹತ್ತೂದು ಆಗೂದಿಲ್ಲವ್ವ. ಅಪ್ಪಗ ಹೇಳಬ್ಯಾಡ, ನಗ್ತಾರ."

ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಗಂಟು ಹಾಕಬಾರದು ಎಂದು ನಾನು ದೊಡ್ಡ ಪಂಡಿತಳ ಹಾಗೆ ವಾದಿಸಿದೆ. ಹನ್ನೆರಡು ವರ್ಷದ ನಾಲಿಗೆಗೆ ಲಂಗುಲಗಾಮು ಎಲ್ಲಿಂದ ಬರಬೇಕು? ಅವ್ವ ಕೇಳಿಸಿಕೊಂಡಳು, ಆದರೆ ಬೀಜ ಮಾತ್ರ ತರಲಿಲ್ಲ. ಆ ಮೂಲೆಯಲ್ಲಿ ಪಾತ್ರೆ ತೊಳೆಯುವ ಕಲ್ಲು ಹಾಕಿಸಿದಳು. ದಸರೆ ಬಂದಾಗ ಅಪ್ಪನ ಜೊತೆ ಕೂತು ವಟಾಣಿ ಊರಿದಳು. ಎರಡು ವರ್ಷದಲ್ಲಿ ಅಪ್ಪನಿಗಿಂತ ಚೆನ್ನಾಗಿ ಬೆಳೆಯಲು ಕಲಿತಳು. ಮೊದಲ ಹೂವು ಬಿಟ್ಟಾಗ ತುದಿ ಚಿವುಟಬೇಕು, ಎಳೆ ಕುಡಿಯನ್ನು ಸಾರಿಗೆ ಹಾಕಬೇಕು ಎಂಬುದೆಲ್ಲ ಅವಳೇ ಕಂಡುಕೊಂಡದ್ದು. "ಕಡೀಗೂ ನನ್ನ ದಾರಿಗಿ ಬಂದ್ಲು" ಎಂದು ಅಪ್ಪ ಹಿಗ್ಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಆದರೆ ಅವ್ವನಿಗೆ ಮಾತು ಕೊಟ್ಟಿದ್ದೆ.

ಹುಕುಂ ಬರಲಿಲ್ಲ. ಒಂದು ವರ್ಷ, ಮೂರು ವರ್ಷ, ಆರು ವರ್ಷ. ನನ್ನ ಮದುವೆ ಅದೇ ಮನೆಯ ಅಂಗಳದಲ್ಲಾಯಿತು, ಮೊದಲ ಬಾಣಂತನವೂ ಅಲ್ಲೇ ಆಯಿತು. ಪ್ರತಿ ಮಳೆಗಾಲದಲ್ಲಿ ಬೀಬಿ ಗೋಡೆಯಾಚೆಯಿಂದ ಒಂದು ಕಟ್ಟು ಅರವಿ ಎಲೆ ಕೊಡುವರು. ಅವ್ವ ಬರಿಗೈಯಲ್ಲಿ ತೆಗೆದುಕೊಳ್ಳುವಳು. ಬೀಬಿ ಆ ಕೈಗಳನ್ನು ನೋಡುವರು.

ಒಂಬತ್ತನೆಯ ವರ್ಷ ಅಪ್ಪನಿಗೆ ವಜೀಫಾ ಆಯಿತು. ಇನ್ನು ನೌಕರಿ ಇಲ್ಲ, ಕೂತಲ್ಲಿಗೇ ಪಿಂಚಣಿ. ನಾನೂ ಬಂದಿದ್ದೆ. ಮುಂಗಾರು ಆಗತಾನೆ ಶುರುವಾಗಿತ್ತು. ಕಚೇರಿಯವರು ಹಾಕಿದ ಹೂಮಾಲೆ ಕೊರಳಲ್ಲೇ ಇಟ್ಟುಕೊಂಡು ಅಪ್ಪ ಮನೆಗೆ ಬಂದರೆ ಆರತಿ ಎತ್ತಬೇಕಾದ ಅವ್ವನೇ ಇಲ್ಲ. ಅಪ್ಪ ಹೊಸ್ತಿಲಲ್ಲಿ ನಿಂತು ಕರೆದರು. ಅವ್ವ ಹಿತ್ತಲ ಬಾಗಿಲಿಂದ ಬಂದಳು, ಸೆರಗಿನ ತುಂಬ ಬೀಬಿಯ ಗಡ್ಡೆ. "ಇನ್ನ ಹುಕುಂ ಬರೂದಿಲ್ಲಲ್ರಿ?" ಎಂದು ಒಂದೇ ಸಲ ಕೇಳಿದಳು. ಇನ್ನೆಲ್ಲಿಯ ಹುಕುಂ ಎಂದರು ಅಪ್ಪ. ಆರತಿ ಎತ್ತುವ ಮೊದಲು ಅವಳು ಪಾತ್ರೆ ತೊಳೆಯುವ ಆ ಕಲ್ಲನ್ನು ಪಕ್ಕಕ್ಕೆ ಉರುಳಿಸಿ ಗಡ್ಡೆ ಹಚ್ಚಿದಳು.

ಆ ಸಂಕ್ರಾಂತಿಗೆ ಅವಳು ಮಡಿ ಅಗೆಯುವಾಗ ನಾನು ಬುಟ್ಟಿ ಹಿಡಿದು ನಿಂತಿದ್ದೆ. ಒಂದೊಂದೂ ಮುಷ್ಟಿಯಷ್ಟು ದಪ್ಪ. ಬೇಯಿಸಿ, ಹುಳಿ ಖಾರ ಹಾಕಿ ಹುರಿದು ಬಡಿಸಿದಳು. ತಾನೂ ಒಂದು ಬಾಯಿಗಿಟ್ಟು ಅಗಿದಳು.

"ರುಚಿ ಏನಿಲ್ಲ ಬಿಡ್ರಿ. ವಟಾಣಿನೇ ಛಲೋ" ಎಂದಳು.

ಅಪ್ಪ ಜೋರಾಗಿ ನಕ್ಕರು. "ಇದರ ಸಲುವಾಗಿ ಔರಾದದಾಗ ಅತ್ತಿದ್ದೆಲ್ಲ! ಮತ್ತ ಇಷ್ಟು ವರ್ಷ ಯಾಕ ಹಚ್ಚಲಿಲ್ಲ?"

"ನಾ ಹಚ್ಚಿದ್ರ ಹುಕುಂ ಬರ್ತದಂತ ನೀವೇ ಅಂದಿದ್ರಿ."

"ನಾ ಮಜಾಕ ಮಾಡಿದ್ನಲ್ಲ!"

"ನಿಮಗದು ಮಜಾಕ. ನನಗ ಒಂದು ಮನಿ ಬೇಕಾಗಿತ್ತು."

ಅಪ್ಪನಿಗೆ ಆ ಗಡ್ಡೆಯ ಲೋಳೆ ಎಂದೂ ಸೇರುತ್ತಿರಲಿಲ್ಲ. ಅವತ್ತು ತಾಟಿನಲ್ಲಿದ್ದದ್ದನ್ನೆಲ್ಲ ತಲೆ ಎತ್ತದೆ ತಿಂದರು. ಆಮೇಲೆ ತಾಟನ್ನು ಅವ್ವನ ಕಡೆ ಸರಿಸಿ, "ಇನ್ನೊಂದೀಟು ಹಾಕು" ಎಂದರು.