ಪಿನ್ನಕ್ಕ ಎರವಲು ಕೊಟ್ಟ ಕೈ

ದೊಡ್ಡ ರಂಗಮಂದಿರದ ಹಿಂಭಾಗದಲ್ಲಿ, ವೇದಿಕೆಗೆ ಹತ್ತುವ ಮೆಟ್ಟಿಲಿನ ಪಕ್ಕದಲ್ಲೇ ಉಡುಪಿನ ಕೋಣೆ. ಬ್ಯಾಲೆ ನರ್ತಕಿಯರ ಉಡುಪು ಹೊಲಿಯುವುದು, ಒಗೆಯುವುದು, ಇಸ್ತ್ರಿ ಹಾಕುವುದು, ಪ್ರದರ್ಶನದ ದಿನ ಅದನ್ನು ಅವರ ಮೈಮೇಲೆ ಕೂರಿಸುವುದು, ಎಲ್ಲವೂ ಒಬ್ಬಳೇ ಹೆಂಗಸಿನ ಪಾಲಿನ ಕೆಲಸ. ಸದಾ ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದಳಾದ್ದರಿಂದ ಎಲ್ಲರಿಗೂ ಅವಳು ಪಿನ್ನಕ್ಕ. ಹಾಗೆ ಕಚ್ಚಿಕೊಂಡೇ ಮಾತಾಡುವಳು. ಹೊಸಬರಿಗೆ ಅರ್ಧಕ್ಕರ್ಧ ಅರ್ಥವಾಗುತ್ತಿರಲಿಲ್ಲ. ಹಳಬರಿಗಾದರೆ ಅವಳು ಪಿನ್ನು ತೆಗೆದು ಬಾಯಿಬಿಟ್ಟರೇ ಎದೆ ಧಸಕ್ಕೆನ್ನುತ್ತಿತ್ತು, ಏನೋ ಗ್ರಹಚಾರ ಕಾದಿದೆ ಎಂದು.

ಆ ರಂಗಮಂದಿರದ ಕಣ್ಮಣಿ ಒಬ್ಬ ನರ್ತಕಿ. ಪತ್ರಿಕೆಗಳು ಅವಳಿಗೆ ಇಟ್ಟ ಹೆಸರು ‘ಗರಿ’. ಅವಳು ಜಿಗಿದು ಇಳಿದಾಗ ನೆಲಕ್ಕೂ ಗೊತ್ತಾಗುವುದಿಲ್ಲ ಎಂದು ಬರೆಯುತ್ತಿದ್ದರು. ಪಿನ್ನಕ್ಕ ಕಂಡ ಗರಿ ಬೇರೆ. ಬೆವರಿನಲ್ಲಿ ತೊಯ್ದ, ಕಾಲ್ಬೆರಳ ಉಗುರು ಕಿತ್ತುಹೋದ, ಯಾವತ್ತೂ ಪುರುಸೊತ್ತಿಲ್ಲದ ಹುಡುಗಿ. ಅಳತೆ ಕೊಡಲೂ ನಿಲ್ಲುವವಳಲ್ಲ. ಇಬ್ಬರ ಕೈಯೂ ಒಂದೇ ಉದ್ದ, ಒಂದೇ ದಪ್ಪ ಎಂದು ಯಾವಾಗಲೋ ತಿಳಿದದ್ದೇ ತಡ, “ನಿಮ್ಮ ಕೈಗೇ ಹಾಕ್ನೋಡಿ ಹೊಲಿದುಬಿಡಿ ಅಕ್ಕ” ಎಂದು ಓಡಿಬಿಡುತ್ತಿದ್ದಳು. ಅವಳ ಕೈಗವಸುಗಳೆಲ್ಲ ಪಿನ್ನಕ್ಕನ ಕೈಯ ಅಳತೆಗೇ ಆದವು.

ಹೆಸರು ಉತ್ತುಂಗದಲ್ಲಿದ್ದಾಗಲೇ ಗರಿ ಸತ್ತಳು. ಬೇರೆ ಊರಲ್ಲಿ ಪ್ರದರ್ಶನ ಮುಗಿಸಿ ಬರುವಾಗ ದಟ್ಟ ಮಂಜಿನಲ್ಲಿ ಕಾರು ಸೇತುವೆಯಿಂದ ನದಿಗೆ ಬಿತ್ತು. ಊರಿಗೆ ಊರೇ ಅತ್ತಿತು. ಪಿನ್ನಕ್ಕನೂ ಅತ್ತಳು. ಅತ್ತು, ಅರ್ಧ ಹೊಲಿದಿದ್ದ ಬಿಳಿ ಉಡುಪನ್ನು ಬಿಚ್ಚಿ, ಬಟ್ಟೆಯನ್ನು ಇನ್ನೊಬ್ಬಳಿಗೆ ತೆಗೆದಿಟ್ಟಳು.

ಅದೇ ಊರಿನಲ್ಲಿ ಒಂದು ಕೀರ್ತಿಭವನವಿತ್ತು. ನಾಡಿಗೆ ಹೆಮ್ಮೆ ತಂದವರನ್ನೆಲ್ಲ ಅಲ್ಲಿ ಸೇರಿಸಿ ಇಟ್ಟಿದ್ದರು. ಬರಿಗಾಲಲ್ಲಿ ಓಡಿ ಗೆದ್ದ ಓಟಗಾರ, ಹಾಡಿನ ನಡುವೆ ಬಾಯಿ ತೆರೆದೇ ನಿಂತ ಗಾಯಕಿ, ಇವರೆಲ್ಲ ಮೇಣದವರು. ಕಾಡಿನ ದಾರಿಯಲ್ಲಿ ಮೂರು ತಲೆಮಾರು ಕಂಡಿದ್ದ ಒಂಟಿ ದಂತದ ಆನೆ, ಸತ್ತ ಮೇಲೆ ಹೊಟ್ಟು ತುಂಬಿಸಿಕೊಂಡು, ಗಾಜಿನ ಕಣ್ಣು ಬಿಟ್ಟುಕೊಂಡು ನಡುಹಜಾರದಲ್ಲಿ ನಿಂತಿತ್ತು. ಇವರ ಸಾಲಿಗೆ ಗರಿಯೂ ಬರಬೇಕೆಂದು ತೀರ್ಮಾನವಾಯಿತು.

ಮೇಣದ ಶಿಲ್ಪಿಗೆ ಮುಖ ಕಷ್ಟವಾಗಲಿಲ್ಲ, ಫೋಟೋಗಳು ರಾಶಿ ಇದ್ದವು. ಕಾಲಿಗೆ ಹಳೆಯ ಬ್ಯಾಲೆ ಶೂಗಳಿದ್ದವು. ಕೈಗಳು ಮಾತ್ರ ಯಾವ ಫೋಟೋದಲ್ಲೂ ನಿಂತಿರಲಿಲ್ಲ, ಎಲ್ಲದರಲ್ಲೂ ಗಾಳಿಯಲ್ಲಿ ಕಲಸಿಹೋಗಿದ್ದವು. ಆಗ ರಂಗಮಂದಿರದ ಮ್ಯಾನೇಜರು ಪಿನ್ನಕ್ಕನನ್ನು ಕಳಿಸಿಕೊಟ್ಟರು.

ಶಿಲ್ಪಿ ಅವಳ ಎರಡೂ ಕೈಗೆ ಎಣ್ಣೆ ಸವರಿ, ಅಚ್ಚು ತೆಗೆಯಲು ಮೊಣಕೈವರೆಗೆ ಗಾರೆ ಬಳಿದ.

“ಅಲ್ಲಾಡಿಸಬೇಡಿ ಪಿನ್ನಕ್ಕ. ಯಾರೋ ಕೈ ಚಾಚಿ ಕರೀತಿದಾರೆ, ನೀವು ಕೊಡ್ತಿದೀರಿ ಅಂದ್ಕೊಳ್ಳಿ.”

“ಯಾರು ಕರೀತಿದಾರೆ?”

“ಯಾರೋ ಒಬ್ರು. ಅದು ನಂಗೇನು ಗೊತ್ತು?”

ಗಾರೆ ಗಟ್ಟಿಯಾಗುತ್ತ ಬೆಚ್ಚಗಾಯಿತು, ಆಮೇಲೆ ಸುಡುವಷ್ಟಾಯಿತು. ಬಿಡಿಸಿ ತೆಗೆದಾಗ ಅವಳಿಗೆ ತನ್ನ ಕೈ ಹೊರಬಂದಂತೆ ಅನಿಸಲೇ ಇಲ್ಲ. ತೊಳೆದುಕೊಂಡಳು, ಉಜ್ಜಿಕೊಂಡಳು. ಆ ಸಂಜೆಯೆಲ್ಲ ಬೆರಳು ತನ್ನವಲ್ಲದ ಹಾಗೆ ಜೋಮು ಹಿಡಿದಿತ್ತು.

ಭವನದಲ್ಲಿ ಗರಿಯನ್ನು ನಿಲ್ಲಿಸಿದ ಮೇಲೆ ಪಿನ್ನಕ್ಕ ಗಂಡನ ಜೊತೆ ಹೋಗಿ ನೋಡಿದಳು. ಗಂಡ ಸಿಟಿ ಬಸ್ಸಿನ ಚಾಲಕ, ಬಾಯಿಗೆ ಬ್ರೇಕ್ ಇಲ್ಲದ ಆಸಾಮಿ. ಪ್ರತಿಮೆ ಬಲಗೈಯನ್ನು ಜನರ ಕಡೆ ಚಾಚಿಕೊಂಡು ತುದಿಗಾಲಲ್ಲಿ ನಿಂತಿತ್ತು.

“ಅಯ್ಯೋ, ಥೇಟ್ ನಿನ್ ಕೈಯೇ ಕಣೇ! ನನ್ ತಲೆಗೆ ಮೊಟಕೋ ಭಂಗಿ ಒಂದು ಬಿಟ್ರೆ ಎಲ್ಲ ಹಾಗೇ ಇದೆ.”

ಪಿನ್ನಕ್ಕ ನಗಲಿಲ್ಲ. ಗರಿಯ ಮುಖ ನೋಡಿದರೆ ಸತ್ತವಳ ಮುಖವೆಂದೇ ಗೊತ್ತಾಗುತ್ತಿತ್ತು. ಕೈ ಮಾತ್ರ ಬದುಕಿತ್ತು.

ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಪಿನ್ನಕ್ಕ ಉಡುಪಿನ ಕೋಣೆಯಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದಾಗ ಯಾರೋ ಅವಳ ಬಲಗೈ ಹಿಡಿದರು.

ಕೋಣೆಯಲ್ಲಿ ಯಾರೂ ಇರಲಿಲ್ಲ. ಬಾಗಿಲು ಹಾಕಿತ್ತು. ಆದರೂ ಹಿಡಿತ ಅಲ್ಲೇ ಇತ್ತು, ಒಣಗಿದ, ಎಲುಬೆಲುಬಾದ, ವಯಸ್ಸಾದ ಕೈಯೊಂದರ ಹಿಡಿತ. ಒಂದು ಬೆರಳಲ್ಲಿ ಸಡಿಲವಾದ ಉಂಗುರ ಅತ್ತಿತ್ತ ಹೊರಳುವುದೂ ತಿಳಿಯುತ್ತಿತ್ತು. ಹೆಬ್ಬೆರಳು ಅವಳ ಅಂಗೈ ಹಿಂಭಾಗವನ್ನು ನಿಧಾನವಾಗಿ ಸವರಿತು. ತುಟಿಯಲ್ಲಿದ್ದ ಪಿನ್ನುಗಳು ಒಂದೊಂದಾಗಿ ಮಡಿಲಿಗೆ ಉದುರಿದವು. ಬಹಳ ಹೊತ್ತಾದ ಮೇಲೆ ಹಿಡಿತ ಸಡಿಲವಾಗಿ, ಇಲ್ಲವಾಯಿತು.

ಮನೆಗೆ ಹೋಗಿ ಗಂಡನಿಗೆ ಹೇಳಿದಳು.

“ಯಾರೋ ಕೈ ಹಿಡಿದ್ರಾ? ನಿನ್ ಕೈ ಹಿಡಿದವನು ನಾನೊಬ್ನೇ ಅಂತ ಇಷ್ಟು ವರ್ಷ ನಂಬ್ಕೊಂಡಿದ್ನಲ್ಲೇ!”

“ತಮಾಷೆ ಅಲ್ಲ ರೀ. ಹೆಂಗಸಿನ ಕೈ. ಮುದುಕಿ.”

ಅವಳ ಮುಖ ನೋಡಿ ಆತ ಆ ಕೈಯನ್ನು ದೀಪದ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಮಾರನೆಯ ದಿನ ತಾನೇ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ಕೈ ಮಡಿಸಿ, ಬಿಡಿಸಿ, ಸಣ್ಣ ಸುತ್ತಿಗೆಯಿಂದ ತಟ್ಟಿ, ಹೊಲಿಗೆಯವರಿಗೆ ನರಗಳು ಹೀಗೆ ಆಟ ಆಡಿಸುತ್ತವೆ ಎಂದು ಮುಲಾಮು ಕೊಟ್ಟರು.

ಮುಲಾಮು ಹಚ್ಚಿದ ಕೈಯನ್ನೇ ಮುಂದಿನ ವಾರ ಅದೇ ಹೊತ್ತಿಗೆ ಆ ಮುದುಕಿ ಹಿಡಿದಳು. ಅದರ ಮುಂದಿನ ವಾರವೂ. ಪ್ರತಿ ಸಲ ಪಿನ್ನಕ್ಕ ಬೇಡ, ಬೇಡ ಎಂದು ಒಳಗೇ ಬೇಡಿಕೊಳ್ಳುತ್ತಿದ್ದಳು. ಒಂದು ವಾರ ಅವಳು ಕೆಲಸದ ನಡುವೆ ಎದ್ದು, ಯಾರಿಗೂ ಹೇಳದೆ, ನೇರ ಕೀರ್ತಿಭವನಕ್ಕೆ ಹೋದಳು. ಬದುಕಿದಂತೆ ಕಂಡಿದ್ದ ಆ ಮೇಣದ ಕೈಯನ್ನು ಇನ್ನೊಮ್ಮೆ ನೋಡಬೇಕಿತ್ತು.

ಭವನದಲ್ಲಿ ಜನ ವಿರಳ. ಆನೆಯ ಹತ್ತಿರ ಬರುವಷ್ಟರಲ್ಲಿ ಅವಳ ಬಲಗೈಯನ್ನು ಹಿಡಿದಾಗಿತ್ತು. ಆನೆಯ ಸೊಂಡಿಲಿನ ಮರೆಯಿಂದ ಇಣುಕಿದಳು. ಗರಿಯ ಮುಂದೆ, ಹಗ್ಗದ ಬೇಲಿಗೆ ಆತುಕೊಂಡು, ಬಾಗಿದ ಬೆನ್ನಿನ ಒಬ್ಬ ಮುದುಕಿ ಮೇಣದ ಕೈಯನ್ನು ತನ್ನ ಕೈಯಲ್ಲಿ ಹಿಡಿದು ನಿಂತಿದ್ದಳು. ಅವಳ ಹೆಬ್ಬೆರಳು ಅಲ್ಲಿ ಸವರಿದರೆ ಇಲ್ಲಿ ಪಿನ್ನಕ್ಕನ ಕೈಮೇಲೆ ಸವರಿದಂತಾಗುತ್ತಿತ್ತು.

ಕಾವಲುಗಾರ ಪಕ್ಕಕ್ಕೆ ಬಂದು ಪಿಸುಗುಟ್ಟಿದ. “ಗರಿಯವರ ತಾಯಿ ಅಕ್ಕ. ಮುಟ್ಟಬಾರ್ದು ಅಂತ ನಿಯಮ. ಬೇರೆಯೋರು ದಿನಾ ಕದ್ದುಮುಚ್ಚಿ ಮುಟ್ತಾನೇ ಇರ್ತಾರೆ. ಇವ್ರಿಗೆ ಯಾವ ಬಾಯಲ್ಲಿ ಬೇಡ ಅನ್ಲಿ?”

ದಿನಾ ಅಷ್ಟು ಜನ ಮುಟ್ಟುತ್ತಾರಂತೆ, ಪಿನ್ನಕ್ಕನಿಗೆ ತಾಗಿದ್ದು ಈ ಒಂದೇ ಕೈ. ಏನಾಗುತ್ತದೋ ನೋಡೋಣ ಎಂದು, ಆನೆಯ ಮರೆಯಲ್ಲೇ ನಿಂತು, ತನ್ನ ಬೆರಳುಗಳನ್ನು ಮೆಲ್ಲಗೆ ಮಡಿಸಿದಳು.

ಮುದುಕಿ ಬೆಚ್ಚಿಬಿದ್ದಳು. ಬಗ್ಗಿ ಮೇಣದ ಕೈಗೆ ಕಣ್ಣು ಹತ್ತಿರ ತಂದಳು. ಮೇಣದ ಬೆರಳು ಚಾಚಿದ್ದು ಚಾಚಿದಂತೆಯೇ ಇತ್ತು. ಆದರೂ ಮುದುಕಿ ಅದಕ್ಕೆ ಹಣೆ ಒತ್ತಿಕೊಂಡಳು. ಆ ಹಣೆಯ ಬಿಸಿ ತನ್ನ ಬೆರಳ ಗೆಣ್ಣಿಗೆ ತಾಗಿದಾಗ ಪಿನ್ನಕ್ಕ ನಿಲ್ಲಲಾರದೆ ಹೊರಗೆ ಓಡಿದಳು. ಬೀದಿಯಲ್ಲಿ ಜನ ತಿರುಗಿ ನೋಡುವಂತೆ ಓಡಿದಳು.

“ಹೋಗಿ ಹೇಳ್ಬಿಡೇ, ಕೈ ನಂದು ಅಂತ,” ಎಂದ ಗಂಡ, ನಡೆದದ್ದನ್ನೆಲ್ಲ ಅವಳ ಬಾಯಿಂದ ಕೇಳಿ.

“ಹೇಳಿ? ಆ ಅಮ್ಮನಿಗೆ ಉಳಿದಿರೋದು ಅದೊಂದೇ. ಅದನ್ನೂ ಕಿತ್ಕೊಳ್ಳಾ?”

ಅವಳು ಹೇಳಲಿಲ್ಲ. ವಾರಕ್ಕೊಮ್ಮೆ ಆ ಹೊತ್ತಾಗುತ್ತಿದ್ದಂತೆ ಕೈಲಿದ್ದ ಕೆಲಸ ಬಿಟ್ಟು, ಬಾಗಿಲ ಚಿಲಕ ಹಾಕಿ, ಮೇಜಿನ ಮೇಲೆ ಬಲಗೈ ಚಾಚಿ ಕೂರುತ್ತಿದ್ದಳು. ಹಿಡಿತ ಬಂದರೆ ತಾನೂ ಹಿಡಿಯುತ್ತಿದ್ದಳು. ಮೊದಮೊದಲು ಹಲ್ಲು ಕಚ್ಚಿಕೊಂಡು, ಆಮೇಲೆ ಅಷ್ಟೊಂದು ಹೆದರದೆ. ಕೈಯ ಕಡೆ ಮಾತ್ರ ನೋಡುತ್ತಿರಲಿಲ್ಲ. ಒಮ್ಮೆ ನೋಡಿದಾಗ, ಅವಳ ಕೈಯ ಚರ್ಮ ಯಾರೋ ಒತ್ತಿದಂತೆ ತಗ್ಗಾಗಿ, ಆ ತಗ್ಗು ನಿಧಾನ ಸರಿಯುತ್ತಿತ್ತು.

ಬೇಸಿಗೆಯ ಕೊನೆಯಲ್ಲಿ ಹಿಡಿತ ನಿಂತುಹೋಯಿತು. ಒಂದು ವಾರ ಬರಲಿಲ್ಲ, ಮತ್ತೊಂದು ವಾರವೂ ಇಲ್ಲ. ಬೇಡ ಬೇಡವೆಂದು ಬೇಡಿಕೊಂಡಿದ್ದವಳಿಗೆ ಈಗ ಖಾಲಿ ಕೈಯೇ ಭಾರವಾಯಿತು. ಕಾವಲುಗಾರನಿಂದ ವಿಳಾಸ ತಿಳಿದು ಹೋದಳು.

ಮೂರನೆಯ ಮಹಡಿಯ ಸಣ್ಣ ಮನೆ. ಆರೈಕೆಗೆ ಬರುತ್ತಿದ್ದ ನರ್ಸು ಬಾಗಿಲು ತೆಗೆದಳು. ಗೋಡೆಯ ತುಂಬ ಗರಿಯ ಚಿತ್ರಗಳು, ಒಂದರಲ್ಲೂ ಮುಖ ಅಮ್ಮನ ಹಾಸಿಗೆಯ ಕಡೆಗಿಲ್ಲ. ಮುದುಕಿ ಹಾಸಿಗೆ ಹಿಡಿದಿದ್ದಳು, ಕಣ್ಣು ಪೂರ್ತಿ ಮಂಜಾಗಿತ್ತು. ಪಿನ್ನಕ್ಕ ಹತ್ತಿರ ಕೂತು ಕೈ ಕೊಟ್ಟಳು.

“ಬಂದ್ಯಾ ತಾಯಿ,” ಎಂದಳು ಮುದುಕಿ. “ಯಾರು ನೀನು?”

“ಉಡುಪು ಹೊಲಿಯೋಳು ಅಮ್ಮ. ನಿಮಗೆ… ಗರಿ ಅಲ್ಲ ಅಂತ ಹೇಗೆ ಗೊತ್ತಾಯ್ತು?”

“ಬೆರಳು ಮಡಿಸಿದ ದಿನಾನೇ ಗೊತ್ತಾಯ್ತು. ನೀನು ತಿರುಗಿ ಹಿಡ್ಕೊಂಡ್ಯಲ್ಲ. ನನ್ ಮಗಳು ಯಾವತ್ತೂ ಹಿಡ್ಕೊಂಡೋಳಲ್ಲ. ನಾನು ಹಿಡಿದ್ರೆ ಜಾರಿಸ್ಕೊಂಡು ಓಡೋಳು. ‘ಹೊತ್ತಾಯ್ತು ಬಿಡಮ್ಮ’ ಅನ್ನೋಳು. ಮೇಣ ಆದ್ಮೇಲಾದ್ರೂ ನಿಂತ್ಕೊಳ್ತಾಳಲ್ಲ ಅಂತ ಹೋದೆ. ನೀನು ಸಿಕ್ಕೆ.”

“ಹೆದರಿಕೆ ಆಗ್ಲಿಲ್ವಾ ಅಮ್ಮ?”

“ಆಯ್ತು. ಆದ್ರೂ ಬೆಚ್ಚಗಿತ್ತಲ್ಲ, ಹೋಗ್ತಿದ್ದೆ.”

ಅಂದಿನಿಂದ ಪಿನ್ನಕ್ಕ ಕೆಲಸ ಮುಗಿಸಿ ಆ ಮನೆಯ ಮೂಲಕವೇ ತನ್ನ ಮನೆಗೆ ಹೋಗತೊಡಗಿದಳು. ಮುದುಕಿ ಕೈ ಹಿಡಿದೇ ನಿದ್ದೆ ಹೋಗುತ್ತಿದ್ದಳು. ಒಂದು ಸಂಜೆ ಹಾಗೆಯೇ ಹಿಡಿದುಕೊಂಡಿದ್ದಾಗ ಉಸಿರು ನಿಂತಿತು. ಬೆರಳು ಬಿಡಿಸಲು ನರ್ಸಿನ ಸಹಾಯ ಬೇಕಾಯಿತು.

ಇಷ್ಟಕ್ಕೇ ಮುಗಿಯಿತೆಂದು ಪಿನ್ನಕ್ಕ ತಿಳಿದಳು. ಅಂತ್ಯಕ್ರಿಯೆ ಕಳೆದು ಒಂದು ವಾರಕ್ಕೆ, ಹೊಸ ಪ್ರದರ್ಶನಕ್ಕೆಂದು ಅಂಗಿಯ ಕಾಲರಿಗೆ ಇಸ್ತ್ರಿ ಹಾಕುತ್ತಿದ್ದಳು. ಮಧ್ಯಾಹ್ನದ ಬಿಸಿಲು ಕೋಣೆಯ ತುಂಬ ಇತ್ತು. ಆಗ ಯಾರೋ ಅವಳ ಬಲಗೈಯನ್ನು ಹಿಡಿದರು.

ಇದು ಮುದುಕಿಯ ಕೈಯಲ್ಲ. ಉಂಗುರವಿಲ್ಲ. ನುಣುಪಾಗಿ, ಒದ್ದೆಯಾಗಿ, ಬಾವಿಯ ಕಲ್ಲಿನಷ್ಟು ತಣ್ಣಗಿತ್ತು. ಅವಳ ಕೈಯಷ್ಟೇ ಉದ್ದ, ಅಷ್ಟೇ ದಪ್ಪ. ಬೆರಳಿಗೆ ಬೆರಳು ಸರಿಯಾಗಿ ಕೂತುಕೊಂಡಿತು. ಹಿಡಿದದ್ದು ಸುಮ್ಮನಿರಲಿಲ್ಲ, ಗೆಣ್ಣು ಗೆಣ್ಣನ್ನೂ ತಡವರಿಸುತ್ತಿತ್ತು, ಕತ್ತಲಲ್ಲಿ ಯಾರನ್ನೋ ಹುಡುಕುವವರ ಹಾಗೆ. ಯಾರನ್ನು ಎಂದು ಪಿನ್ನಕ್ಕನಿಗೆ ಅರ್ಥವಾಯಿತು. ಅವಳು ತುಟಿಯಿಂದ ಪಿನ್ನುಗಳನ್ನು ತೆಗೆದು ಮೇಜಿನ ಮೇಲಿಟ್ಟಳು.

“ಅಮ್ಮ ಹೋಗ್ಬಿಟ್ರು ಮಗಳೇ,” ಎಂದಳು. “ನೀನು ತಡ ಮಾಡಿದೆ.”

ತಡವರಿಕೆ ನಿಂತಿತು. ತಣ್ಣನೆಯ ಬೆರಳುಗಳು ಅವಳ ಕೈಯನ್ನು ಒಮ್ಮೆ ಮೂಳೆ ನೋಯುವಷ್ಟು ಬಿಗಿಯಾಗಿ ಹಿಡಿದವು. ಪಿನ್ನಕ್ಕ ಬಿಡಿಸಿಕೊಳ್ಳಲಿಲ್ಲ. ಅವಳೂ ಅಷ್ಟೇ ಬಿಗಿಯಾಗಿ ಹಿಡಿದುಕೊಂಡು ನಿಂತಳು. ಆಮೇಲೆ ಆ ಕೈ ತಾನೇ ಹಿಡಿತ ಬಿಟ್ಟಿತು. ಜಾರಿಸಿಕೊಂಡು ಓಡಲಿಲ್ಲ, ಒಂದೊಂದೇ ಬೆರಳಾಗಿ ಬಿಟ್ಟಿತು. ಕೋಣೆಯಲ್ಲಿ ಕಾಲರು ಸುಟ್ಟ ವಾಸನೆ ಹಬ್ಬಿತ್ತು. ಪಿನ್ನಕ್ಕನ ಅಂಗೈ ಮಣಿಕಟ್ಟಿನವರೆಗೆ ಒದ್ದೆಯಾಗಿತ್ತು. ಮೂಸಿ ನೋಡಿದಳು, ನದಿಯ ನೀರು.